ನಿಮಗಿದು ಗೊತ್ತೇ? ಕೊಯಮತ್ತೂರು ತಾಯಿ ಹಾಡಿದರು, ಪ್ಯಾರಿಸಿನ ಪಿಯಾನೊ ಮೃದಂಗವಾಯಿತು

ಫ್ರೆಂಚ್ ಸಂಗೀತ ರಚನಕಾರ ಮಾರಿಸ್ ದೆಲಾಜ್ 1912ರಲ್ಲಿ ಬರೆಯಲು ತೊಡಗಿದ ಒಂದು ಕೃತಿಯ ಹೆಸರು ‘ರಾಗಮಾಲಿಕಾ’. ಹೆಸರು ನಮ್ಮ ಕಛೇರಿಯದು, ಸಾಹಿತ್ಯ ತಮಿಳು, ಹಾಡಬೇಕಾದವರು ಯುರೋಪಿನ ಗಾಯಕಿಯರು, ಪಕ್ಕವಾದ್ಯ ಪಿಯಾನೊ. ಬರೆಯುವಾಗ ದೆಲಾಜ್ ಮುಂದಿಟ್ಟುಕೊಂಡದ್ದು ಒಂದು ಗ್ರಾಮಫೋನ್ ತಟ್ಟೆ. ಆ ತಟ್ಟೆಯಲ್ಲಿ ಹಾಡಿದವರು ಕೊಯಮತ್ತೂರು ತಾಯಿ.

ಕೊಯಮತ್ತೂರು ಎಂದೊಡನೆ ನಮಗೆ ನೆನಪಾಗುವುದು ಹತ್ತಿ ಗಿರಣಿ, ಪಂಪ್‌ಸೆಟ್ಟು. ತಿರುಪ್ಪೂರು ಎಂದರೆ ಬನಿಯನ್ನು. ಆದರೆ ಒಂದು ಹಾಡು ಹೇಗೆ ಹುಟ್ಟುತ್ತದೆ, ಅದು ಎಷ್ಟು ಜನರ ಕೈದಾಟಿ ಕಛೇರಿಯ ವೇದಿಕೆಗೆ ಬರುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಎರಡು ಜಿಲ್ಲೆಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ತಾಯಿಯವರ ಹುಟ್ಟುಹೆಸರು ಪಳನಿಕುಂಜರಂ. ಹುಟ್ಟಿದ್ದು 1872ರಲ್ಲಿ, ಹಾಡು ಕುಣಿತಗಳೇ ಕುಲವೃತ್ತಿಯಾಗಿದ್ದ ಮನೆಯಲ್ಲಿ. ಮುಂದೆ ಮದರಾಸಿನಲ್ಲಿ ನೆಲೆಸಿದರು. ವೀಣೆ ಧನಮ್ಮಾಳ್, ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಇವರೆಲ್ಲ ಅದೇ ಕಾಲದ ಮದರಾಸಿನವರು. ಗ್ರಾಮಫೋನ್ ಕಂಪನಿಗಳು ದಕ್ಷಿಣಕ್ಕೆ ಬಂದಾಗ ಧೈರ್ಯವಾಗಿ ಕೊಳವೆಯ ಮುಂದೆ ಕೂತು ಹಾಡಿದವರಲ್ಲಿ ಹೆಚ್ಚಿನವರು ಇಂಥ ಮಹಿಳೆಯರೇ. ಅವರಲ್ಲಿ ತಾಯಿಯವರದು ದೊಡ್ಡ ಹೆಸರು. 1917ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು.

ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು, ಹೆಚ್ಚೆಂದರೆ ನಾಲ್ಕು ನಿಮಿಷದ ಹಾಡು ಎಂಬುದು ನಿಮಗೆ ಗೊತ್ತೇ? ಇಷ್ಟರೊಳಗೆ ರಾಗಮಾಲಿಕೆ ಹಾಡುವುದೆಂದರೆ ಆಟವಲ್ಲ. ಯಾವ ರಾಗದಿಂದ ತೊಡಗಬೇಕು, ಅದರ ಜೀವಸ್ವರವನ್ನು ಎಷ್ಟು ಬೇಗ ತೋರಿಸಬೇಕು, ಎಲ್ಲಿ ಬಿಟ್ಟು ಮುಂದಿನ ರಾಗಕ್ಕೆ ದಾಟಬೇಕು, ದಾಟುವ ಜಾಗದಲ್ಲಿ ಯಾವ ಸ್ವರ ಎರಡಕ್ಕೂ ಸಲ್ಲುತ್ತದೆ, ಪಲ್ಲವಿಗೆ ಎಷ್ಟು ಸಲ ಮರಳಬೇಕು. ಇವೆಲ್ಲ ಗಾಯಕಿಯೇ ಮಾಡಬೇಕಾದ ತೀರ್ಮಾನಗಳು. ಸಾಹಿತ್ಯ ಬರೆದವರು ಬೇರೆ ಇರಬಹುದು. ಮೂರು ನಿಮಿಷದ ಆ ಕಟ್ಟಡವನ್ನು ನಿಲ್ಲಿಸಿದವರು ಹಾಡಿದವರು. ಮನೋಧರ್ಮ ಎಂದು ನಾವು ಕರೆಯುವುದು ಇದನ್ನೇ. ಕಛೇರಿಯಲ್ಲಿ ಅದು ಹಾಡಿ ಮುಗಿದೊಡನೆ ಕರಗಿಹೋಗುತ್ತಿತ್ತು. ತಟ್ಟೆಯಲ್ಲಿ ಉಳಿದುಕೊಂಡಿತು, ಹಡಗೇರಿ ಹೋಯಿತು.

ದೆಲಾಜ್ ಹುಟ್ಟಿದ್ದು 1879ರಲ್ಲಿ. ಆತ ಮಾರಿಸ್ ರವೆಲ್‌ರ ಶಿಷ್ಯ ಮತ್ತು ಆಪ್ತ ಗೆಳೆಯ. ರವೆಲ್ ತಮ್ಮ ‘ಮಿರ್ವಾರ್’ ಪಿಯಾನೊ ಕೃತಿಗಳ ಕೊನೆಯ ಭಾಗವನ್ನು ಅರ್ಪಿಸಿದ್ದು ಈತನಿಗೇ. ತಂದೆಯದು ಬೂಟ್ ಪಾಲಿಷ್ ತಯಾರಿಕೆಯ ಉದ್ಯಮ. ಸಂಗೀತಕ್ಕೆ ಬಂದದ್ದು ತಡವಾಗಿ, ಶಾಲೆಯ ಕಟ್ಟುಪಾಡಿಲ್ಲದೆ, ಕಿವಿಯನ್ನೇ ನಂಬಿಕೊಂಡು. ಆತನ ಮೊದಲ ದೊಡ್ಡ ಕೃತಿಯನ್ನು ಪ್ಯಾರಿಸಿನ ಹಳೆಯ ಸಂಗೀತ ಸಂಘವೊಂದು ತಿರಸ್ಕರಿಸಿತು. ರವೆಲ್ ಆ ಸಂಘವನ್ನೇ ಬಿಟ್ಟು ಗೆಳೆಯರೊಡನೆ ಹೊಸದೊಂದನ್ನು ಕಟ್ಟಲು ಅದೂ ಒಂದು ಕಾರಣವಾಯಿತು. ಕಿವಿಯಿಂದಲೇ ಕಲಿತವನಾದ್ದರಿಂದ ಭಾರತಕ್ಕೆ ಬಂದಾಗ ದೆಲಾಜ್ ನಮ್ಮ ಸಂಗೀತವನ್ನು ತನ್ನ ಪಠ್ಯಪುಸ್ತಕದ ಅಳತೆಗೋಲಿನಿಂದ ಅಳೆಯಲಿಲ್ಲ. ಆತನ ಬಗ್ಗೆ ನನಗೆ ಗೌರವವಿರುವುದು ಇದಕ್ಕಾಗಿಯೇ.

1912ರ ಆರಂಭದ ತಿಂಗಳುಗಳಲ್ಲಿ ಆತ ಭಾರತ ಸುತ್ತುತ್ತ ಬರೆದದ್ದು ‘ನಾಲ್ಕು ಹಿಂದೂ ಕವಿತೆಗಳು’. ಭಾಗಗಳಿಗೆ ಮದ್ರಾಸ್, ಲಾಹೋರ್, ಬನಾರಸ್, ಜಯಪುರ ಎಂದು ಊರಿನ ಹೆಸರು. ಎರಡು ಭಾಗಗಳ ಸಾಹಿತ್ಯ ನಮ್ಮ ಭರ್ತೃಹರಿಯದು, ಫ್ರೆಂಚ್ ರೂಪದಲ್ಲಿ. ಲಾಹೋರ್ ಭಾಗಕ್ಕೆ ಜರ್ಮನ್ ಕವಿ ಹೈನೆಯ ಕವಿತೆ. ಅದರ ಚೆಲ್ಲೊ ವಾದನ ಸುರಬಹಾರ್ ವಾದಕ ಇಮ್ದಾದ್ ಖಾನರ ಧ್ವನಿಮುದ್ರಿಕೆಯ ನೆರಳಿನಲ್ಲಿ ಹುಟ್ಟಿದ್ದು. ತಂತಿಯೊಂದನ್ನು ಇಳಿಸಿ ಶ್ರುತಿ ಮಾಡಬೇಕು, ಕಮಾನು ಬಿಟ್ಟು ಬೆರಳಿನಿಂದ ಮೀಟಬೇಕು, ಒಂದೇ ಬೆರಳನ್ನು ತಂತಿಯ ಮೇಲೆ ಜಾರಿಸಬೇಕು. ನಾವು ಜಾರು ಎನ್ನುತ್ತೇವಲ್ಲ, ಅದೇ. ಕೊನೆಯಲ್ಲಿ ಗಾಯಕಿಗೆ ಮಾತಿಲ್ಲ. ಬಾಯಿ ಮುಚ್ಚಿ, ತೆರೆದು, ಬರಿಯ ಆಲಾಪ.

ಈ ಕೃತಿ ಮೊದಲು ಕೇಳಿಬಂದದ್ದು 1914ರ ಜನವರಿ 14ರಂದು, ಪ್ಯಾರಿಸಿನಲ್ಲಿ. ಅದೇ ಸಂಜೆ ಅದೇ ವೇದಿಕೆಯ ಮೇಲೆ ರವೆಲ್‌ರ ಮಲಾರ್ಮೆ ಕವಿತೆಗಳೂ ಸ್ಟ್ರಾವಿನ್‌ಸ್ಕಿಯ ಜಪಾನಿ ಕವಿತೆಗಳೂ ಇದ್ದವು. ಸ್ಟ್ರಾವಿನ್‌ಸ್ಕಿ ತಮ್ಮ ಮೂರು ಜಪಾನಿ ಗೀತೆಗಳಲ್ಲಿ ಮೊದಲನೆಯದನ್ನು ಅರ್ಪಿಸಿದ್ದೂ ದೆಲಾಜ್‌ಗೆ.

ಈಗ ‘ರಾಗಮಾಲಿಕಾ’ದ ಪಿಯಾನೊದ ಮಾತು. ತಾಯಿಯವರ ಹಾಡನ್ನು ದೆಲಾಜ್ ಹೆಚ್ಚುಕಡಿಮೆ ಇದ್ದಹಾಗೆಯೇ ಬರೆದುಕೊಂಡ. ಗಮಕಗಳನ್ನು ಸಣ್ಣ ಸಣ್ಣ ಸ್ವರಗಳಾಗಿ ಬಿಡಿಸಿಟ್ಟ. ಪಿಯಾನೊದ ಸ್ವರ ಹೊಡೆದಲ್ಲೇ ನಿಲ್ಲುತ್ತದೆ, ಕಂಪಿಸುವುದಿಲ್ಲ, ಜಾರುವುದಿಲ್ಲ. ಆದ್ದರಿಂದ ಗಮಕವನ್ನೆಲ್ಲ ಗಾಯಕಿಗೆ ಬಿಟ್ಟುಕೊಟ್ಟ. ಇನ್ನು ತಾಳವಾದ್ಯ ಬೇಕಲ್ಲ? ಪಿಯಾನೊದ ಬಿ ಫ್ಲ್ಯಾಟ್ ತಂತಿಗಳ ಕೆಳಗೆ ರಟ್ಟಿನ ತುಂಡೊಂದನ್ನು ಇಡಬೇಕೆಂದು ಸೂಚನೆ ಬರೆದ. ರಟ್ಟು ತಗುಲಿದ ತಂತಿ ಗುಂಯ್‌ಗುಡುವುದಿಲ್ಲ, ಚರ್ಮವಾದ್ಯದ ಹಾಗೆ ಮಂದವಾಗಿ ‘ಧುಂ’ ಎನ್ನುತ್ತದೆ. ವಾದ್ಯದ ಒಡಲಿಗೇ ಕೈಹಾಕಿ ನಾದ ಬದಲಿಸುವ ಈ ವಿದ್ಯೆಯ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಇದೊಂದು ಎಂದು ಸಂಗೀತ ಚರಿತ್ರಕಾರರು ಗುರುತಿಸುತ್ತಾರೆ. ಅಮೆರಿಕದ ಜಾನ್ ಕೇಜ್ ಪಿಯಾನೊ ತಂತಿಗಳ ನಡುವೆ ತಿರುಪು ಮೊಳೆ, ರಬ್ಬರು ಸಿಕ್ಕಿಸಿ ಹೆಸರು ಮಾಡಿದ್ದು ಇದಾಗಿ ಕಾಲು ಶತಮಾನ ಕಳೆದ ಮೇಲೆ.

ಕೇಜ್‌ರ ಕಥೆಯಲ್ಲೂ ಭಾರತ ಬರುತ್ತದೆ. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿನಲ್ಲಿ ಅವರಿಗೆ ನಮ್ಮ ಸಂಗೀತ ಹೇಳಿಕೊಟ್ಟರು, ಅವರಿಂದ ತಾವು ಪಾಶ್ಚಾತ್ಯ ಸಂಗೀತ ಕಲಿತರು. ಸಂಗೀತ ಏತಕ್ಕೆ ಎಂದು ಕೇಜ್ ಕೇಳಿದಾಗ, ಮನಸ್ಸನ್ನು ತಿಳಿಗೊಳಿಸಿ ಶಾಂತವಾಗಿಸಲು ಎಂಬರ್ಥದಲ್ಲಿ ತಮ್ಮ ಗುರುಗಳು ಹೇಳಿದ್ದನ್ನು ಗೀತಾ ತಿಳಿಸಿದರು. 1946ರಿಂದ 48ರವರೆಗೆ ಕೇಜ್ ಬರೆದ ಸೊನಾಟಾ ಮತ್ತು ಇಂಟರ್‌ಲೂಡ್‌ಗಳ ಮಾಲೆಗೆ ಆಧಾರ ನಮ್ಮ ರಸಸಿದ್ಧಾಂತ. ಎಂಟು ರಸಗಳು, ಅವೆಲ್ಲ ಹೋಗಿ ಸೇರುವ ಶಾಂತ.

ಇನ್ನೂ ಒಂದು. ಫ್ರೆಂಚ್ ರಚನಕಾರ ಒಲಿವಿಯೆ ಮೆಸಿಯಾನ್ ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನ್ ಶಿಬಿರದಲ್ಲಿದ್ದಾಗ ಬರೆದ ಚತುರ್ವಾದ್ಯ ಕೃತಿ 1941ರ ಜನವರಿಯಲ್ಲಿ ಸಹಕೈದಿಗಳ ಮುಂದೆ ನುಡಿಯಿತು. ಅದರ ಮೊದಲ ಭಾಗದ ಪಿಯಾನೊ ಲಯದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳಿವೆ. ಮೂರೂ 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ ದೇಶೀ ತಾಳಗಳು. ಮೆಸಿಯಾನ್‌ಗೆ ಅವು ಸಿಕ್ಕಿದ್ದು ಫ್ರೆಂಚ್ ವಿಶ್ವಕೋಶವೊಂದರ ಪಟ್ಟಿಯಲ್ಲಿ. ದೆಲಾಜ್‌ಗೆ ತಟ್ಟೆ, ಮೆಸಿಯಾನ್‌ಗೆ ಪುಸ್ತಕ. ಕೇಳಿ ಬರೆದದ್ದಕ್ಕೂ ಓದಿ ಬರೆದದ್ದಕ್ಕೂ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ದೆಲಾಜ್‌ನ ಹಾಡಿನಲ್ಲಿ ತಾಯಿಯವರ ಉಸಿರು ಎಲ್ಲಿ ನಿಂತಿತೆಂಬುದೂ ದಾಖಲಾಗಿದೆ.

ಪ್ಯಾರಿಸಿನಿಂದ ತಿರುಪ್ಪೂರಿಗೆ ಬರೋಣ. ಸೊತ್ತು ಕಳೆದುಕೊಂಡ ಸಿಟ್ಟಿನಿಂದ ಹುಟ್ಟಿದ ಹಾಡೊಂದು ಸಾವಿರದ ಇನ್ನೂರು ವರ್ಷಗಳಿಂದ ಉಳಿದು ಬಂದಿದೆ, ಗೊತ್ತೇ? ತಿರುಪ್ಪೂರಿಗೆ ಹತ್ತಿರದ ತಿರುಮುರುಗನ್‌ಪೂಂಡಿಯಲ್ಲಿ, ಚೇರ ಅರಸ ಕೊಟ್ಟ ಉಡುಗೊರೆಗಳೊಂದಿಗೆ ಬರುತ್ತಿದ್ದ ಶೈವ ಸಂತಕವಿ ಸುಂದರರ್ ಅವರನ್ನು ಬೇಡರು ಸುಲಿದರೆಂದು ಐತಿಹ್ಯ. ಇಂಥ ಕಳ್ಳರ ಊರಿನಲ್ಲಿ ನಿನಗೇನು ಕೆಲಸ ಎಂದು ಶಿವನನ್ನೇ ತರಾಟೆಗೆ ತೆಗೆದುಕೊಂಡು ಅವರು ಅಲ್ಲೇ ಪದಿಗ, ಅಂದರೆ ಹತ್ತು ಪದ್ಯಗಳ ಹಾಡು, ಕಟ್ಟಿದರು. ಬೇಡರ ವೇಷದಲ್ಲಿದ್ದ ಶಿವಗಣಗಳು ಸೊತ್ತನ್ನು ಮರಳಿಸಿದವು. ಅಲ್ಲಿಂದ ಕೆಲವೇ ಮೈಲಿ ದೂರದ ಅವಿನಾಶಿಯಲ್ಲಿ ಅವರು ಹಾಡಿದಾಗ, ಮೊಸಳೆ ಹಿಂದೆಂದೋ ನುಂಗಿದ್ದ ಹುಡುಗ ಬೆಳೆದ ಮೈಯಲ್ಲಿ ಹೊರಬಂದನಂತೆ. ಎರಡೂ ಹಾಡು ಶೈವ ಸಂತರ ತಮಿಳು ಹಾಡುಗಳ ತೇವಾರ ಸಂಪುಟದಲ್ಲಿವೆ. ಪೂಂಡಿಯ ಪದಿಗಕ್ಕೆ ಪಳಂಪಂಚುರಂ ಎಂಬ ಪಣ್, ಅವಿನಾಶಿಯದಕ್ಕೆ ಕುರಿಂಜಿ ಪಣ್. ಪಣ್ ಎಂದರೆ ತಮಿಳರ ಹಳೆಯ ರಾಗಪದ್ಧತಿ. ಇಂದು ದೇವಸ್ಥಾನದ ಓದುವಾರರು ಮೊದಲನೆಯದನ್ನು ಶಂಕರಾಭರಣದಲ್ಲಿ, ಎರಡನೆಯದನ್ನು ಹರಿಕಾಂಭೋಜಿಯಲ್ಲಿ ಹಾಡುತ್ತಾರೆ.

ಸಾಹಿತ್ಯ ಒಬ್ಬರದು, ಉಳಿದ ಧಾಟಿ ಇನ್ನೊಬ್ಬರದು ಎಂಬುದಕ್ಕೆ ತೇವಾರವೇ ಹಳೆಯ ಸಾಕ್ಷಿ. ಚೋಳರ ಕಾಲದಲ್ಲಿ ತಾಳೆಗರಿಗಳು ಸಿಕ್ಕಾಗ ಅಕ್ಷರವಿತ್ತು, ಧಾಟಿ ಮರೆತುಹೋಗಿತ್ತು. ಯಾಳ್ ವಾದ್ಯ ನುಡಿಸುತ್ತಿದ್ದ ನೀಲಕಂಠ ಪಾಣರ ವಂಶದ ಮಹಿಳೆಯೊಬ್ಬಳನ್ನು ಹುಡುಕಿ, ಆಕೆಯಿಂದ ಪಣ್‌ಗಳನ್ನು ಕೂಡಿಸಲಾಯಿತು ಎಂದು ಶೈವ ಪರಂಪರೆ ಹೇಳುತ್ತದೆ. ಆಕೆಯ ಊರು ಎರುಕ್ಕತ್ತಂಪುಲಿಯೂರು ಎಂಬುದು ದಾಖಲಾಗಿದೆ. ಕೊಯಮತ್ತೂರು ತಾಯಿಯ ಮಾತಾಡುವಾಗ ನನಗೆ ಈ ಮಹಿಳೆಯೂ ನೆನಪಾಗುತ್ತಾಳೆ.

ಮೊದಲು ಲಯ, ಆಮೇಲೆ ಮಾತು. ಹೀಗೆ ಹಾಡು ಕಟ್ಟಿದವರು 15ನೇ ಶತಮಾನದ ಅರುಣಗಿರಿನಾಥರು. ಮುರುಗನ್ ಸ್ತುತಿಯಾದ ಅವರ ‘ತಿರುಪ್ಪುಗಳ್’ ಹಾಡುಗಳಿಗೆ ತಲೆಯ ಮೇಲೆ ಅರ್ಥವಿಲ್ಲದ ತನ, ತಾನ, ತತ್ತ, ತಂತ, ತಯ್ಯ ಎಂಬ ಉಚ್ಚಾರಗಳ ಸಾಲಿರುತ್ತದೆ. ಅದು ಹಾಡಿನ ಛಂದದ ನಕ್ಷೆ. ಹ್ರಸ್ವ ದೀರ್ಘವಷ್ಟೇ ಅಲ್ಲ, ಒತ್ತಕ್ಷರ ಎಲ್ಲಿ ಬೀಳಬೇಕು, ಅನುನಾಸಿಕ ಎಲ್ಲಿ ಮೊಳಗಬೇಕು ಎಂಬುದೂ ಅದರಲ್ಲಿ ನಿಗದಿ. ಇಡೀ ಹಾಡಿನ ಪ್ರತಿ ಸಾಲೂ ಆ ನಕ್ಷೆಗೆ ಒಂದಕ್ಷರ ತಪ್ಪದೆ ಹೊಂದುತ್ತದೆ. ನಮ್ಮ ಮಾತ್ರಾಗಣದಲ್ಲಿ ‘ತಂತ’ವೂ ‘ತತ್ತ’ವೂ ಒಂದೇ ತೂಕ, ಅರುಣಗಿರಿನಾಥರಿಗೆ ಅವು ಎರಡು ಬೇರೆ ನಾದ. ಮೃದಂಗದವರು ಈ ಸೂಕ್ಷ್ಮವನ್ನು ಕೇಳಿ ಹಿಗ್ಗುತ್ತಾರೆ.

ಎಷ್ಟೋ ತಿರುಪ್ಪುಗಳ್ ಹಾಡುಗಳು ಆದಿ, ರೂಪಕಗಳ ಚೌಕಟ್ಟಿಗೆ ಕೂರುವುದಿಲ್ಲ. ತಕಿಟ ಎಂದರೆ ಒಂದೂವರೆ, ತಕಧಿಮಿ ಎಂದರೆ ಎರಡು, ತಕತಕಿಟ ಎಂದರೆ ಎರಡೂವರೆ ಎಂದು ಕೂಡಿಸಿ ಆ ಹಾಡಿಗೇ ಒಂದು ತಾಳವನ್ನು ಕಟ್ಟಿಕೊಳ್ಳಬೇಕು. ಅಂದರೆ ಇಲ್ಲಿ ರಚನೆ ತಾಳದೊಳಗೆ ಬರುವುದಿಲ್ಲ, ರಚನೆಯೇ ತಾಳವನ್ನು ಹುಟ್ಟಿಸುತ್ತದೆ. ಪೇರೂರು, ಅವಿನಾಶಿ, ಪೂಂಡಿ, ಮರುದಮಲೈ, ಇವೆಲ್ಲಕ್ಕೂ ಅವರ ಹಾಡುಗಳಿವೆ. ಕಛೇರಿಗಳಲ್ಲಿ ಆಗಾಗ ಕೇಳಿಸುವ ‘ಇರವಾಮಲ್ ಪಿರವಾಮಲ್’ ಅವಿನಾಶಿಯ ಹಾಡು.

ಅರುಣಗಿರಿನಾಥರು ತಮ್ಮ ಧಾಟಿಗಳನ್ನು ಸ್ವರದಲ್ಲಿ ಬರೆದಿಡಲಿಲ್ಲ. ಇಂದು ನಾವು ಕೇಳುವ ರಾಗಗಳು ನಂತರದ ವಿದ್ವಾಂಸರು ತೊಡಿಸಿದವು. ಲಯದ ನಕ್ಷೆ ಎಷ್ಟು ಗಟ್ಟಿಯೆಂದರೆ, ಧಾಟಿ ಕಳೆದು ಐದು ಶತಮಾನವಾದರೂ ಹಾಡು ಮುರಿಯಲಿಲ್ಲ.

ತಿರುಪ್ಪುಗಳ್ ಹಾಡುಗಳನ್ನು ಊರೂರಿಗೆ ಹರಡಿದ ವಳ್ಳಿಮಲೈ ಸಚ್ಚಿದಾನಂದ ಸ್ವಾಮಿಗಳು ಸಂನ್ಯಾಸಕ್ಕೆ ಮುಂಚೆ ಮೈಸೂರು ಅರಮನೆಯಲ್ಲಿ ಅಡುಗೆಯವರಾಗಿದ್ದರು, ಗೊತ್ತೇ? ಹುಟ್ಟಿದ್ದು ಭವಾನಿಯ ಕಡೆ. ಆಗ ಅದು ಕೊಯಮತ್ತೂರು ಜಿಲ್ಲೆ. ತಿರುಪ್ಪುಗಳ್ ಅವರನ್ನು ಹಿಡಿದದ್ದು ಪಳನಿಯಲ್ಲಿ. ಹೊಸ ವರ್ಷಕ್ಕೆ ತಿರುತ್ತಣಿಯ ಮೆಟ್ಟಿಲು ಮೆಟ್ಟಿಲಿಗೂ ಹಾಡುತ್ತ ಹತ್ತುವ ಪದ್ಧತಿಯನ್ನು ಆರಂಭಿಸಿದವರು ಅವರೇ.

ಇನ್ನು ಕೆಲವು ಚುಟುಕಾಗಿ.

ಮಗ್ಗಕ್ಕೂ ಕೋಳಿ ಸಾಕಣೆಗೂ ಹೆಸರಾದ ಪಲ್ಲಡಂ ಕೊಳಲಿಗೂ ಹೆಸರು. ಪಲ್ಲಡಂ ಸಂಜೀವ ರಾವ್ (1882–1962) ಕುಂಭಕೋಣದ ಶರಭ ಶಾಸ್ತ್ರಿಗಳ ಶಿಷ್ಯರು. ಕೊಳಲಿಗೆ ಕಛೇರಿಯ ನಡುವಿನ ಆಸನ ಕೊಡಿಸಿದವರು ಗುರು; ಆ ಆಸನವನ್ನು ದಶಕಗಳ ಕಾಲ ಕಾಪಾಡಿದವರು ಶಿಷ್ಯ. 1943ರಲ್ಲಿ ಸಂಗೀತ ಕಲಾನಿಧಿ ಬಿರುದು ಬಂತು.

ಉಡುಮಲೈ ನಾರಾಯಣ ಕವಿ ಹುಟ್ಟಿದ್ದು 1899ರಲ್ಲಿ, ಈಗಿನ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಬಳಿಯ ಪೂಳವಾಡಿಯಲ್ಲಿ. ನಾಟಕದಿಂದ ಸಿನಿಮಾಕ್ಕೆ ಹೋದ ಗೀತರಚನಕಾರ. ಉಡುಮಲೈಪೇಟೆಯಲ್ಲಿ ಅವರಿಗೆ ಮಣಿಮಂಟಪವಿದೆ.

ಕಾಂಗೇಯಂ ಸೀಮೆಯ ಓಲಪಾಳಯಂನಲ್ಲಿ 1965ರಲ್ಲಿ ಮಾನವಶಾಸ್ತ್ರಜ್ಞೆ ಬ್ರೆಂಡಾ ಬೆಕ್ ‘ಅಣ್ಣನ್ಮಾರ್ ಕಥೆ’ ಎಂಬ ಜನಪದ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ಉಡುಕ್ಕೈ ಬಾರಿಸುತ್ತ ಅದನ್ನು ಹಾಡಿ ಮುಗಿಸಲು 18 ರಾತ್ರಿ ಬೇಕಾಯಿತು. ಬರೆದ ಪಾಠ ಕೈಯಲ್ಲಿರಲಿಲ್ಲ.

ಕೊಯಮತ್ತೂರಿನ ದೇವಾಂಗರ ಮನೆಗಳಲ್ಲಿ ಇಂದಿಗೂ ಕನ್ನಡವಿದೆ. ನವರಾತ್ರಿಯ ಕೊನೆಗೆ ಚೌಡೇಶ್ವರಿಯ ಮುಂದೆ ಅಲಗು ಸೇವೆ ಮಾಡುವವರು ಕೂಗುವ ಮೊರೆಗೆ ವಾದ್ಯದ ಗತ್ತಿನೊಡನೆ ಬೆಸೆದ ಲಯವಿದೆ. ಅದಕ್ಕೆ ವಾಗ್ಗೇಯಕಾರನ ಅಂಕಿತವಿಲ್ಲ.

ಚಾರುಕೇಶಿ ರಾಗವನ್ನು ತಮಿಳುನಾಡಿನ ಮನೆಮನೆಗೆ ಮುಟ್ಟಿಸಿದ್ದು ಕೊಯಮತ್ತೂರಿನ ಸ್ಟುಡಿಯೊ ಎಂದರೆ ನಂಬುತ್ತೀರಾ? 1944ರ ದೀಪಾವಳಿಗೆ ತೆರೆಕಂಡ ‘ಹರಿದಾಸ್’ ಚಿತ್ರ ತಯಾರಾದದ್ದು ಅಲ್ಲಿನ ಸೆಂಟ್ರಲ್ ಸ್ಟುಡಿಯೊದಲ್ಲಿ. ನಿರ್ದೇಶಕ ಮಂಗಳೂರಿನಲ್ಲಿ ಹುಟ್ಟಿದ ಸುಂದರ ರಾವ್ ನಾಡಕರ್ಣಿ. ಹಾಡು ಪಾಪನಾಶಂ ಶಿವನ್ ಅವರದು, ವಾದ್ಯಸಂಯೋಜನೆ ಜಿ. ರಾಮನಾಥನ್ ಅವರದು, ಕಂಠ ನಟ-ಗಾಯಕ ತ್ಯಾಗರಾಜ ಭಾಗವತರದು. ಮದರಾಸಿನ ಒಂದೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿ ಕಂಡಿತು. 26ನೇ ಮೇಳಕರ್ತವಾದ ಚಾರುಕೇಶಿಯಲ್ಲಿ ತ್ಯಾಗರಾಜರ ‘ಆಡ ಮೋಡಿ ಗಲದೇ’ ಇತ್ತು ನಿಜ. ಆದರೆ ಆ ರಾಗ ಬೀದಿಯ ಬಾಯಿಗೆ ಬಂದದ್ದು ಈ ಚಿತ್ರದ ‘ಮನ್ಮಥ ಲೀಲೈ’ ಹಾಡಿನಿಂದ.

ಶಿವನ್ ಕಛೇರಿಗೂ ಬರೆದರು, ಸಿನಿಮಾಕ್ಕೂ ಬರೆದರು, ಎರಡಕ್ಕೂ ಬೇರೆ ಬೇರೆ ಶ್ರದ್ಧೆ ಇಟ್ಟುಕೊಳ್ಳಲಿಲ್ಲ. 1943ರ ‘ಶಿವಕವಿ’ಯೂ ಕೊಯಮತ್ತೂರಿನ ಚಿತ್ರವೇ, ನಿರ್ದೇಶಿಸಿದ ಎಸ್.ಎಂ. ಶ್ರೀರಾಮುಲು ನಾಯ್ಡು ಮುಂದೆ ಅದೇ ಊರಿನಲ್ಲಿ ಪಕ್ಷಿರಾಜ ಸ್ಟುಡಿಯೊ ಕಟ್ಟಿದರು, ಕನ್ನಡದಲ್ಲಿ 1957ರ ‘ಬೆಟ್ಟದ ಕಳ್ಳ’ ಮಾಡಿದರು. ತಾಯಿಯವರಿಗಿದ್ದ ಮೂರು ನಿಮಿಷದ ಗಡಿ ಶಿವನ್‌ರಿಗೂ ಇತ್ತು, ಏಕೆಂದರೆ ಚಿತ್ರದ ಹಾಡು ತಟ್ಟೆಯಾಗಿಯೂ ಮಾರಾಟವಾಗಬೇಕಿತ್ತು. ಪಲ್ಲವಿಯ ಮೊದಲ ಆವರ್ತದಲ್ಲೇ ರಾಗದ ಮುಖ ತೋರಬೇಕು. ಈ ಇಕ್ಕಟ್ಟು ರಚನೆಯನ್ನು ಬಡವಾಗಿಸಲಿಲ್ಲ, ಬಿಗಿ ಮಾಡಿತು.

ಅದೇ ಸೆಂಟ್ರಲ್ ಸ್ಟುಡಿಯೊದಲ್ಲಿ ಸಂಗೀತ ನಿರ್ದೇಶಕ ಎಸ್.ಎಂ. ಸುಬ್ಬಯ್ಯ ನಾಯ್ಡು ಅವರ ಕೈಕೆಳಗೆ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ ಒಬ್ಬ ಹುಡುಗ, ಯಾರೂ ಇಲ್ಲದಾಗ ಹಾರ್ಮೋನಿಯಂ ಮುಂದೆ ಕೂತು ಧಾಟಿ ಕಟ್ಟುತ್ತಿದ್ದ. ನಾಯ್ಡು ಕೇಳಿಸಿಕೊಂಡರು, ಮೆಚ್ಚಿದರು, ಚಿತ್ರದಲ್ಲಿ ಬಳಸಿದರು. ಹುಡುಗನ ಧಾಟಿಯೆಂದರೆ ಯಾರೂ ಒಪ್ಪುವುದಿಲ್ಲವೆಂದು ಆಗ ಹೇಳಲಿಲ್ಲ. ಅಲ್ಲಿ ಚಿತ್ರ ತಯಾರಿಸುತ್ತಿದ್ದ ಜ್ಯೂಪಿಟರ್ ಸಂಸ್ಥೆ ಕೊಯಮತ್ತೂರು ಬಿಟ್ಟು ಹೊರಟಾಗ ಮಾಲೀಕರಿಗೆ ನಿಜ ತಿಳಿಸಿ ಇವನನ್ನು ಕರೆದೊಯ್ಯಿರಿ ಎಂದರು ಎಂಬುದು ಚಿತ್ರರಂಗದಲ್ಲಿ ಬಳಕೆಯಲ್ಲಿರುವ ಕಥೆ. ಆ ಹುಡುಗನೇ ಮುಂದೆ ಹೆಸರಾಂತ ಸಂಗೀತ ನಿರ್ದೇಶಕರಾದ ಎಂ.ಎಸ್. ವಿಶ್ವನಾಥನ್.

ಕೊಯಮತ್ತೂರು ಸೀಮೆಯ ಕಛೇರಿ ಸಂಗೀತಕ್ಕೆ ಒಂದೇ ಒಂದು ಹೆಸರು ಹೇಳಿ ಎಂದರೆ ನಾನು ಹೇಳುವುದು ಪೆರಿಯಸಾಮಿ ತೂರನ್. ಹುಟ್ಟಿದ್ದು 1908ರಲ್ಲಿ, ಮೊಡಕ್ಕುರಿಚಿ ಬಳಿಯ ಹಳ್ಳಿಯಲ್ಲಿ. ಈಗ ಈರೋಡ್ ಜಿಲ್ಲೆ, ಆಗ ಕೊಯಮತ್ತೂರು. ಭಗತ್ ಸಿಂಗ್‌ರನ್ನು ಗಲ್ಲಿಗೇರಿಸಿದ್ದನ್ನು ಪ್ರತಿಭಟಿಸಿ ಬಿ.ಎ. ಕೊನೆಯ ಪರೀಕ್ಷೆಗೆ ಕೂರಲಿಲ್ಲ. ಮುಂದೆ ಟಿ.ಎಸ್. ಅವಿನಾಶಿಲಿಂಗಂ ಅವರು ಕಟ್ಟಿದ ಪೆರಿಯನಾಯಕನಪಾಳಯಂನ ರಾಮಕೃಷ್ಣ ವಿದ್ಯಾಲಯದಲ್ಲಿ ಮೇಷ್ಟರಾದರು. 1948ರ ಹೊತ್ತಿಗೆ ತಮಿಳಿನ ಮೊದಲ ಆಧುನಿಕ ವಿಶ್ವಕೋಶದ ಪ್ರಧಾನ ಸಂಪಾದಕರಾದರು. ಹತ್ತು ಸಂಪುಟ, 1954ರಿಂದ 1968ರವರೆಗೆ. ಅದಾದ ಮೇಲೆ ಮಕ್ಕಳಿಗೆಂದೇ ಮತ್ತೊಂದು ವಿಶ್ವಕೋಶ. ಇಷ್ಟು ಕೆಲಸದ ನಡುವೆ ಬರೆದ ಹಾಡುಗಳು ಸುಮಾರು 600. 1968ರಲ್ಲಿ ಪದ್ಮಭೂಷಣ ಬಂತು.

ತೂರನ್ ಬರೆದದ್ದು ಕವಿತೆಗೆ ರಾಗ ಹಚ್ಚಿದಂಥ ಹಾಡಲ್ಲ, ಕೃತಿ. ವ್ಯತ್ಯಾಸವಿದೆ. ಕವಿತೆಯಲ್ಲಿ ಸಾಲು ಮುಂದೆ ಸಾಗುತ್ತದೆ. ಕೃತಿಯಲ್ಲಿ ಪಲ್ಲವಿಯ ಸಾಲು ಹತ್ತು ಸಲ ಮರಳಿ ಬರುತ್ತದೆ, ಪ್ರತಿ ಸಲ ಹೊಸ ಸಂಗತಿಯೊಡನೆ. ಆದ್ದರಿಂದ ಪಲ್ಲವಿಯ ಮಾತು ಹತ್ತು ಸಲ ಕೇಳಿದರೂ ಸವೆಯಬಾರದು. ಅನುಪಲ್ಲವಿಯ ಕೊನೆ ಪಲ್ಲವಿಯ ಮೊದಲಿಗೆ ಅರ್ಥದಲ್ಲೂ ಸ್ವರದಲ್ಲೂ ಕೂಡಿಕೊಳ್ಳಬೇಕು. ಎರಡನೆಯ ಅಕ್ಷರದ ಪ್ರಾಸ ತಾಳದ ಘಾತಕ್ಕೆ ಸರಿಯಾಗಿ ಬೀಳಬೇಕು. ದೀರ್ಘಾಕ್ಷರ ಇರುವಲ್ಲಿ ಗಾಯಕರಿಗೆ ನಿಲ್ಲಲು, ನೆರವಲು ಮಾಡಲು ಜಾಗ ಬೇಕು. ಇದನ್ನೆಲ್ಲ ಬಲ್ಲವನೇ ವಾಗ್ಗೇಯಕಾರ. ಹಳೆಯ ಶಾಸ್ತ್ರಕಾರರು ಸಾಹಿತ್ಯವನ್ನು ಮಾತು ಎಂದೂ ಸಂಗೀತವನ್ನು ಧಾತು ಎಂದೂ ಕರೆದು, ಎರಡೂ ಒಬ್ಬನಲ್ಲೇ ಇದ್ದರೆ ಉತ್ತಮ ಎಂದರು.

ತೂರನ್‌ರ ಹಲವು ಹಾಡುಗಳಿಗೆ ಧಾತು ಕೂಡಿಸಿದವರು ಬೇರೆ ವಿದ್ವಾಂಸರು. ಹಾಗಾದರೆ ಅವು ಎರಡನೇ ದರ್ಜೆಯವೇ? ಶಾಸ್ತ್ರಕಾರರ ಮಾತನ್ನು ಇಲ್ಲಿ ನಾನು ಒಪ್ಪುವುದಿಲ್ಲ. ಸಾವೇರಿಯ ‘ಮುರುಗಾ ಮುರುಗಾ’, ಶುದ್ಧಸಾವೇರಿಯ ‘ತಾಯೇ ತ್ರಿಪುರಸುಂದರಿ’, ಕೀರವಾಣಿಯ ‘ಪುಣ್ಯಂ ಒರು ಕೋಡಿ’, ದ್ವಿಜಾವಂತಿಯ ‘ಎಂಗು ನಾನ್ ಸೆಲ್ವೇನಯ್ಯಾ’ ಇವನ್ನು ಕೇಳಿ ನೋಡಿ. ಮಾತಿಗೂ ಸ್ವರಕ್ಕೂ ನಡುವೆ ಬೆಸುಗೆಯ ಗುರುತು ಸಿಗುವುದಿಲ್ಲ. ಬರೆದವರು ಹಾಡುವವರ ಉಸಿರನ್ನು ನೆನೆದು ಬರೆದಿದ್ದಾರೆ, ಸ್ವರ ಕೂಡಿಸಿದವರು ಬರೆದವರ ಭಾವವನ್ನು ಅರಿತು ಕೂಡಿಸಿದ್ದಾರೆ. ಡಿ.ಕೆ. ಪಟ್ಟಮ್ಮಾಳ್ ಅವರಂಥ ಗಾಯಕಿಯರು ಅವನ್ನು ಎತ್ತಿಕೊಂಡ ಮೇಲೆ ಇನ್ನೊಂದಿಷ್ಟು ಸಂಗತಿಗಳು ಸೇರಿಕೊಂಡವು. ನಮ್ಮ ಪುರಂದರದಾಸರ ಪದಗಳಿಗೂ ಹೀಗೇ ಆಗಿಲ್ಲವೇ? ಇಂದು ನಾವು ಹಾಡುವ ಧಾಟಿಗಳಲ್ಲಿ ಬಹುಪಾಲು ನಂತರದ ವಿದ್ವಾಂಸರ ಕೊಡುಗೆ.

ತೂರನ್ ಬರೆಯುತ್ತಿದ್ದ ಕಾಲವನ್ನೂ ನೆನೆಯಬೇಕು. ಕಛೇರಿಯಲ್ಲಿ ತೆಲುಗು, ಸಂಸ್ಕೃತ ಕೃತಿಗಳೇ ಮುಖ್ಯ, ತಮಿಳು ಹಾಡಿಗೆ ಕೊನೆಯ ತುಕ್ಕಡಾ ಜಾಗ. ಇದನ್ನು ಬದಲಿಸಬೇಕೆಂದು ರಾಜಾ ಅಣ್ಣಾಮಲೈ ಚೆಟ್ಟಿಯಾರ್ ಮುಂತಾದವರು ಎದ್ದರು, 1943ರಲ್ಲಿ ತಮಿಳ್ ಇಸೈ ಸಂಘ ಹುಟ್ಟಿತು. ಆಗ್ರಹವಿದ್ದರೆ ಸಾಲದು, ನಡುಗಛೇರಿಯಲ್ಲಿ ಹಾಡಲು ತಕ್ಕ ಕೃತಿ ಬೇಕು. ಅಂಥವನ್ನು ಒದಗಿಸಿದವರಲ್ಲಿ ಶಿವನ್, ತೂರನ್ ಮುಂದಿನವರು. ಕನ್ನಡ ಕೃತಿಗಳು ಕಛೇರಿಯಲ್ಲಿ ಕೇಳಿಸುವುದಿಲ್ಲ ಎಂದು ಕೊರಗುವ ನಾವು ಈ ಮೇಷ್ಟರ ಕೆಲಸವನ್ನು ಗಮನಿಸಬೇಕು.

ಪಕ್ಕದ ಮೈಸೂರಿನಲ್ಲಿ ಇದೇ ಕಾಲಕ್ಕೆ ನಡೆದದ್ದು ದೆಲಾಜ್‌ನ ಪ್ರಯಾಣಕ್ಕೆ ತಿರುವುಮುರುವಾದ ಕಥೆ. ಪಿಯಾನೊ ಕಲಿತ ಜಯಚಾಮರಾಜ ಒಡೆಯರು ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್‌ರ ಸಂಗೀತವನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್‌ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬರಲು ಖರ್ಚಿಗೆ ಹೊಣೆ ನಿಂತವರೂ ಅವರೇ. ತಾವು ಸ್ವತಃ ರಚಿಸಿದ್ದು ಮಾತ್ರ ಕರ್ನಾಟಕ ಸಂಗೀತದ ಕೃತಿಗಳನ್ನು, ‘ಶ್ರೀವಿದ್ಯಾ’ ಅಂಕಿತದಲ್ಲಿ, 94.

ಅಂಕಿತದ ಮಾತು ಬಂದದ್ದರಿಂದ ಒಂದು ಕೋರಿಕೆ. ಶಿವನ್‌ರ ಅಂಕಿತ ‘ರಾಮದಾಸ’, ಒಡೆಯರದು ‘ಶ್ರೀವಿದ್ಯಾ’, ದೆಲಾಜ್‌ನ ಹೆಸರು ಅಚ್ಚಾದ ಸ್ವರಪುಸ್ತಕದ ಮುಖಪುಟದಲ್ಲಿದೆ. ತಾಯಿಯವರಿಗೆ ಅಂಕಿತವಿಲ್ಲ. ‘ರಾಗಮಾಲಿಕಾ’ದ ಧಾಟಿ, ರಾಗಗಳ ಜೋಡಣೆ, ಒಂದರಿಂದ ಒಂದಕ್ಕೆ ದಾಟುವ ಕುಶಲತೆ ಎಲ್ಲವೂ ಅವರ ಕಂಠದ್ದು, ಆ ಕೃತಿಗೆ ಅವರು ಸ್ಫೂರ್ತಿ ಮಾತ್ರವಲ್ಲ, ಸಹಕರ್ತೃ. ಅವರ ಹಳೆಯ ತಟ್ಟೆಗಳಲ್ಲಿ ಕೆಲವು ಸಂಗ್ರಾಹಕರ ಬಳಿ ಉಳಿದಿವೆ, ಕೇಳಲು ಸಿಗುತ್ತವೆ. ಮೊದಲು ಅವರನ್ನು ಕೇಳಿ, ಆಮೇಲೆ ದೆಲಾಜ್‌ನ ಕೃತಿ ಕೇಳಿ. ಅದನ್ನು ಎಲ್ಲಿಯಾದರೂ ಹಾಡುವವರಿದ್ದರೆ, ಕಾರ್ಯಕ್ರಮ ಪಟ್ಟಿಯಲ್ಲಿ ದೆಲಾಜ್‌ನ ಪಕ್ಕದಲ್ಲಿ ಕೊಯಮತ್ತೂರು ತಾಯಿ ಎಂದೂ ಅಚ್ಚು ಹಾಕಿಸಿ.